ಹಳೆಯ ಎಕ್ಸ್‌ರೇ ಚಿತ್ರವನ್ನು ಗುಜರಿಗೆ ಹಾಕಬೇಡಿ

ಆ ಹೆಣ್ಣುಮಗಳಿಗೆ 26 ವರ್ಷ. ಓದು ಮುಗಿಸಿ ಕೆಲಸವೊಂದು ದೊರೆತಿತ್ತು. ಸೇರುವ ಮುನ್ನ ವೈದ್ಯಕೀಯ ತಪಾಸಣೆ ಆಗಬೇಕೆಂದು ಎದೆಯ ಎಕ್ಸ್‌ರೇ ತೆಗೆಸಿದ್ದಳು. ಚಿತ್ರದಲ್ಲಿ ಎದೆಮೂಳೆಯ ಮೇಲೆ ಉಕ್ಕಿನ ತಂತಿಯ ಪುಟ್ಟ ಗಂಟುಗಳು ಸಾಲಾಗಿ ಕಂಡವು. ಹೃದಯದ ನೆರಳು ಇರಬೇಕಾದುದಕ್ಕಿಂತ ಅಗಲವಾಗಿತ್ತು. ಜೊತೆಯಲ್ಲಿ ಬಂದಿದ್ದ ತಂದೆ ನಂಜನಗೂಡು ಕಡೆಯ ರೈತರು. ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟು: “ನೀಲಿ ಮಗು ಅಂತ ಹೇಳಿದ್ರು ಸ್ವಾಮಿ. ಐದು ವರ್ಷ ಇದ್ದಾಗ ಆಪರೇಷನ್ ಆಯ್ತು. ಆಮೇಲೆ ಏನೂ ತೊಂದರೆ ಇರ್ಲಿಲ್ಲ, ನಾವೂ ಹೋಗ್ಲಿಲ್ಲ.”

ಹಳೆಯ ಎಕ್ಸ್‌ರೇ ಚಿತ್ರಗಳೇನಾದರೂ ಇವೆಯೇ ಎಂದು ಕೇಳಿದೆವು. ಅವರು ತುಸು ಸಂಕೋಚದಿಂದ ನಕ್ಕರು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಮನೆಯ ಹುಡುಗರು ಅವುಗಳಲ್ಲಿ ಒಂದೆರಡನ್ನು ಕತ್ತರಿಸಿ ಕಣ್ಣಿಗೆ ಹಿಡಿದುಕೊಂಡಿದ್ದರಂತೆ. ಉಳಿದವು ಮನೆಗೆ ಸುಣ್ಣ ಬಳಿಸುವಾಗ ಗುಜರಿಯವನ ಪಾಲಾದವು. ಎಕ್ಸ್‌ರೇ ಹಾಳೆಯ ಮೂಲಕ ಗ್ರಹಣ ನೋಡುವುದು ಕಣ್ಣಿಗೆ ಅಪಾಯ ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಿಬಿಡುತ್ತೇವೆ. ಗುಜರಿಯವನು ಆ ಹಾಳೆಗಳನ್ನು ಆಸೆಯಿಂದ ಕೊಳ್ಳುವುದೇಕೆಂದರೆ, ಹಳೆಯ ಬಗೆಯ ಹಾಳೆಯಲ್ಲಿ ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ. ಅದನ್ನು ತೊಳೆದು ಬೆಳ್ಳಿ ತೆಗೆಯುತ್ತಾರೆ. ನಾಲ್ಕು ಕಾಸಿನ ಬೆಳ್ಳಿಗಾಗಿ ಆ ಮನೆಯವರು ಕಳೆದುಕೊಂಡದ್ದು ತಮ್ಮ ಮಗಳ ಹೃದಯದ ಇಪ್ಪತ್ತು ವರ್ಷಗಳ ಚರಿತ್ರೆಯನ್ನು.

ಹೀಗೆ ಹೇಳುವಾಗ ಆ ತಂದೆಯನ್ನು ದೂಷಿಸುವ ಉದ್ದೇಶ ನಮಗಿಲ್ಲ. ಚಿತ್ರವನ್ನು ಜೋಪಾನ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. “ಇನ್ನು ಚಿಂತೆಯಿಲ್ಲ, ಗುಣವಾಯಿತು” ಎಂದಷ್ಟೇ ಹೇಳಿ ಕಳುಹಿಸಿದ್ದರು. ಜನ್ಮಜಾತ ಹೃದಯದೋಷದ ವಿಷಯದಲ್ಲಿ ‘ಗುಣವಾಯಿತು’ ಎಂಬ ಮಾತನ್ನು ನಾವು ವೈದ್ಯರು ಎಷ್ಟು ಸಲೀಸಾಗಿ ಆಡುತ್ತೇವೆ, ಅದರಿಂದ ಎಂತಹ ತೊಡಕುಗಳಾಗುತ್ತವೆ ಎಂಬುದನ್ನು ಭಕ್ತಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ. ಶಸ್ತ್ರಚಿಕಿತ್ಸೆಯಿಂದ ಹೃದಯ ರಿಪೇರಿಯಾಗುತ್ತದೆ; ಹೊಸದಾಗುವುದಿಲ್ಲ. ರಿಪೇರಿಯಾದ ಹೃದಯ ಮುಂದೆ ಹೇಗೆ ನಡೆದುಕೊಳ್ಳುತ್ತಿದೆ ಎಂಬುದನ್ನು ಎದೆಯ ಎಕ್ಸ್‌ರೇ ಹೇಳಬಲ್ಲದು. ಆದರೆ ಒಂದೇ ಚಿತ್ರ ಹೇಳುವುದು ಅತ್ಯಲ್ಪ. ಹಳೆಯದರ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದಾಗ ಮಾತ್ರ ಅದರ ಅರ್ಥ ಬಿಚ್ಚಿಕೊಳ್ಳುತ್ತದೆ.

ಮೈಸೂರಿನ ಹಿರಿಯರಿಗೆ ಎದೆಯ ಎಕ್ಸ್‌ರೇ ಎಂದೊಡನೆ ನೆನಪಾಗುವುದು ಕ್ಷಯ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಇದ್ದ ಊರಿದು. “ಎದೆ ಫೋಟೋ ತೆಗೆಸಿಕೊಂಡು ಬಾ” ಎಂದರೆ ಮನೆಯಲ್ಲಿ ಒಂದು ಕ್ಷಣ ಮೌನ ಕವಿಯುತ್ತಿದ್ದ ಕಾಲವನ್ನು ನಮ್ಮಲ್ಲಿ ಕೆಲವರು ಕಂಡಿದ್ದೇವೆ. ಅದೇ ಕೆ.ಆರ್.ಎಸ್. ರಸ್ತೆಯಲ್ಲಿ ಇಂದು ಜಯದೇವ ಹೃದ್ರೋಗ ಸಂಸ್ಥೆಯ ಮೈಸೂರು ಶಾಖೆಯಿದೆ. ಮೊದಲು ಅದು ಕೆ.ಆರ್. ಆಸ್ಪತ್ರೆಯ ಆವರಣದಲ್ಲಿತ್ತು. ಚಾಮರಾಜನಗರ, ಮಂಡ್ಯ, ಕೊಡಗು, ಹಾಸನಗಳಿಂದ ಮಕ್ಕಳನ್ನು ಎತ್ತಿಕೊಂಡು ಬರುವ ತಂದೆತಾಯಿಯರ ಕೈಯಲ್ಲಿ ಈಗ ದೊಡ್ಡ ಕವರು ಇರುವುದು ಬಹುಪಾಲು ಹೃದಯದ ಸಲುವಾಗಿ. ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 8 ಶಿಶುಗಳಿಗೆ ಹೃದಯದಲ್ಲಿ ಯಾವುದಾದರೊಂದು ಹುಟ್ಟುದೋಷ ಇರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಿಗೇ ಹೋಗಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ವ್ಯವಸ್ಥೆ ಬಂದ ಮೇಲೆ ಹಳ್ಳಿಗಾಡಿನ ಎಷ್ಟೋ ಮಕ್ಕಳಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ದೊರೆತಿದೆ. ಆ ಮಕ್ಕಳು ಈಗ ಕಾಲೇಜಿಗೆ ಬರುತ್ತಿದ್ದಾರೆ. ನಾಳೆ ಅವರಿಗೆ ಮದುವೆಯಾಗುತ್ತದೆ, ಬೇರೆ ಊರಿಗೆ ಹೋಗುತ್ತಾರೆ. ಅವರ ಕಾಗದಪತ್ರಗಳು ಎಲ್ಲಿ ಹೋಗುತ್ತವೆ ಎಂಬುದೇ ನಮ್ಮ ಚಿಂತೆ.

ಎಕ್ಸ್‌ರೇ ಎಂಬುದು ನೆರಳು. ಹೃದಯದ ಒಳಗಿನ ರಂಧ್ರ ಅದರಲ್ಲಿ ಕಾಣುವುದಿಲ್ಲ; ಹೃದಯದ ಹೊರ ಆಕಾರ, ಅದರ ಅಗಲ, ಶ್ವಾಸಕೋಶದೊಳಗೆ ಹರಡಿದ ರಕ್ತನಾಳಗಳ ದಪ್ಪ ಇವು ಕಾಣುತ್ತವೆ. ಅಷ್ಟರಿಂದಲೇ ಹಿಂದಿನವರು ಎಷ್ಟು ದೂರ ನಡೆದರೆಂಬುದು ಬೆರಗಿನ ಸಂಗತಿ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೆಲೆನ್ ಟೌಸಿಗ್ ಎಂಬ ವೈದ್ಯೆ ಇದ್ದರು. ಕಿವಿ ಮಂದವಾಗಿದ್ದುದರಿಂದ ಅವರು ಮಕ್ಕಳ ಎದೆಯ ಮೇಲೆ ಕೈಯಿಟ್ಟು ಹೃದಯದ ಮಿಡಿತವನ್ನು ಅರಿಯುತ್ತಿದ್ದರು, ಎಕ್ಸ್‌ರೇ ಪರದೆಯ ಮೇಲೆ ಅದರ ನೆರಳನ್ನು ಗಮನಿಸುತ್ತಿದ್ದರು. ಎಕೋ ಯಂತ್ರದ ಕಲ್ಪನೆಯೂ ಇಲ್ಲದ ಕಾಲವದು. ನೀಲಿ ಮಕ್ಕಳ ಶ್ವಾಸಕೋಶಕ್ಕೆ ರಕ್ತ ಸಾಲದೆಂಬುದನ್ನು ಹೀಗೆ ಗ್ರಹಿಸಿ, ಹೆಚ್ಚು ರಕ್ತ ಕಳುಹಿಸುವ ದಾರಿಯೊಂದನ್ನು ನಿರ್ಮಿಸಬಹುದೇ ಎಂದು ಅವರು ಕೇಳಿದರು. ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕ್, ಅವರ ಪ್ರಯೋಗಾಲಯದ ಕುಶಲಿ ವಿವಿಯನ್ ಥಾಮಸ್ ಇಬ್ಬರೂ ಸೇರಿ ಉತ್ತರ ಹುಡುಕಿದರು; 1944ರ ನವೆಂಬರ್ 29ರಂದು ಆ ಶಸ್ತ್ರಚಿಕಿತ್ಸೆ ನಡೆಯಿತು. ಹತ್ತು ವರ್ಷಗಳ ಬಳಿಕ, 1954ರಲ್ಲಿ, ಮಿನ್ನೆಸೋಟದ ವಾಲ್ಟನ್ ಲಿಲ್ಲೆಹೈ ಮಗುವಿನ ಹೃದಯವನ್ನು ತೆರೆದು ರಂಧ್ರ ಮುಚ್ಚುವಾಗ ತಂದೆಯ ಅಥವಾ ತಾಯಿಯ ದೇಹವನ್ನೇ ಮಗುವಿಗೆ ಜೋಡಿಸಿ, ಅಷ್ಟು ಹೊತ್ತು ಅವರ ಹೃದಯವೇ ಇಬ್ಬರಿಗೂ ರಕ್ತ ಹರಿಸುವಂತೆ ಮಾಡಿದರು. ಹೆತ್ತವರು ಇಂದು ಹಾಗೆ ಮಲಗಬೇಕಾಗಿಲ್ಲ, ಯಂತ್ರವಿದೆ. ಅವರಿಂದ ಕೇಳುವುದು ಒಂದು ಕವರನ್ನು ಜೋಪಾನವಾಗಿಡಿ ಎಂಬುದನ್ನಷ್ಟೇ.

ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳ ಚಿತ್ರಗಳನ್ನು ಕಂಡು ಹೆದರದ ತಂದೆತಾಯಿಗಳಿಲ್ಲ. ಉಸಿರಾಟದ ಕೊಳವೆ, ಎದೆಯಿಂದ ದ್ರವ ಹೊರತೆಗೆಯುವ ನಳಿಗೆಗಳು, ಕುತ್ತಿಗೆಯ ಮೂಲಕ ಇಳಿಬಿಟ್ಟ ತಂತು, ಇವೆಲ್ಲ ಬಿಳಿ ಗೆರೆಗಳಾಗಿ ಮಗುವಿನ ಎದೆಯನ್ನು ತುಂಬಿರುತ್ತವೆ. ಅವು ಇರಬೇಕಾದ ಜಾಗದಲ್ಲಿ ಇವೆಯೇ ಎಂದು ನೋಡುವುದಕ್ಕೇ ಆ ಚಿತ್ರಗಳನ್ನು ದಿನಕ್ಕೊಮ್ಮೆಯೋ ಎರಡು ಬಾರಿಯೋ ತೆಗೆಯುವುದು. ಎಡ ಶ್ವಾಸಕೋಶದ ಕೆಳಭಾಗ ಮಸುಕಾಗಿ ಕಂಡರೆ, ಆ ಭಾಗ ಇನ್ನೂ ಸರಿಯಾಗಿ ಗಾಳಿ ತುಂಬಿಕೊಂಡಿಲ್ಲವೆಂದು ಅರ್ಥ. ಬಹಳ ಮಕ್ಕಳಲ್ಲಿ ಇದು ಸಾಮಾನ್ಯ. ಉಸಿರಾಟದ ವ್ಯಾಯಾಮದಿಂದ ದಿನದಿನಕ್ಕೆ ತಿಳಿಯಾಗುತ್ತದೆ. ವಪೆಯ ಒಂದು ಬದಿ ಮೇಲೆದ್ದೇ ಉಳಿದರೆ ಅದರ ನರಕ್ಕೆ ಪೆಟ್ಟಾಗಿರಬಹುದೆಂದು ಸಂಶಯಿಸುತ್ತೇವೆ. ಮಗು ಹಾಲು ಕುಡಿಯತೊಡಗಿದ ಮೇಲೆ ಎದೆಯಲ್ಲಿ ದ್ರವ ತುಂಬಿ ನಳಿಗೆಯಲ್ಲಿ ಹಾಲಿನಂತಹ ನೀರು ಬಂದರೆ, ಕೊಬ್ಬನ್ನು ಸಾಗಿಸುವ ನಾಳ ಸೋರುತ್ತಿದೆಯೆಂದು ತಿಳಿದು ಆಹಾರವನ್ನು ಬದಲಾಯಿಸುತ್ತಾರೆ.

ಈ ಹಂತದ ಚಿತ್ರಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮಲಗಿರುವ ಮಗುವಿಗೆ ಮುಂಭಾಗದಿಂದ ಕಿರಣ ಹಾಯಿಸಿ, ಬೆನ್ನಿನಡಿ ಫಲಕವಿಟ್ಟು ಇವುಗಳನ್ನು ತೆಗೆಯುತ್ತಾರೆ. ಹೃದಯ ಎದೆಯ ಮುಂಭಾಗಕ್ಕೆ ಹತ್ತಿರವಿದ್ದು ಫಲಕದಿಂದ ದೂರವಿರುವುದರಿಂದ ಅದರ ನೆರಳು ಹಿಗ್ಗಿ ಬೀಳುತ್ತದೆ. ದೀಪದ ಸಮೀಪ ಕೈ ಹಿಡಿದರೆ ಗೋಡೆಯ ಮೇಲಿನ ನೆರಳು ದೊಡ್ಡದಾಗುವುದಿಲ್ಲವೇ, ಹಾಗೆ. ನಿಂತು ತೆಗೆದ ಚಿತ್ರದಲ್ಲಿ ಕಿರಣ ಬೆನ್ನಿನಿಂದ ಬಂದು ಎದೆ ಫಲಕಕ್ಕೆ ಒತ್ತಿರುತ್ತದೆ. ಅಲ್ಲಿನ ಅಳತೆ ನಿಜಕ್ಕೆ ಹತ್ತಿರ. ಅಳುವ ಮಗು ಉಸಿರು ಹೊರಬಿಟ್ಟಾಗ ತೆಗೆದ ಚಿತ್ರದಲ್ಲಿಯೂ ಹೃದಯ ದೊಡ್ಡದಾಗಿ ತೋರುತ್ತದೆ. ಆದುದರಿಂದ ಐ.ಸಿ.ಯು.ವಿನ ಚಿತ್ರವನ್ನೂ ಆರು ತಿಂಗಳ ನಂತರದ ಚಿತ್ರವನ್ನೂ ಮನೆಯ ಕಿಟಕಿಗೆ ಹಿಡಿದು “ಅರ್ಧಕ್ಕರ್ಧ ಇಳಿದುಬಿಟ್ಟಿದೆ” ಎಂದು ಹಿಗ್ಗುವುದೂ ಬೇಡ, ಹಿಂದುಮುಂದಾದರೆ ಕುಗ್ಗುವುದೂ ಬೇಡ.

ಮನೆಗೆ ಹೋದ ಮೇಲಿನ ಮೊದಲ ಕೆಲವು ವಾರಗಳಲ್ಲಿ ಮಾತ್ರ ಒಂದು ವಿಷಯಕ್ಕೆ ತಡಮಾಡಬಾರದು. ಜ್ವರ, ಎದೆನೋವು, ಏದುಸಿರು ಕಾಣಿಸಿಕೊಂಡು, ಚಿತ್ರದಲ್ಲಿ ಹೃದಯದ ನೆರಳು ಕೊಡದಂತೆ ದುಂಡಗೆ ಉಬ್ಬಿದ್ದರೆ ಹೃದಯದ ಸುತ್ತಲಿನ ಪೊರೆಯಲ್ಲಿ ನೀರು ತುಂಬಿರುವ ಸಾಧ್ಯತೆಯಿದೆ. ಅಂತಹ ಮಗುವನ್ನು ಅಂದೇ ಆಸ್ಪತ್ರೆಗೆ ಕರೆತರಬೇಕು. ಊರಿನ ಔಷಧಿ ಅಂಗಡಿಯ ಜ್ವರದ ಮಾತ್ರೆಯಿಂದ ತೀರುವ ಕೆಲಸವಲ್ಲ.

ಸಾಮಾನ್ಯವಾದ ದೋಷಗಳಲ್ಲಿ ನಂತರದ ಹಾದಿ ಸುಗಮ. ಹೃತ್ಕುಕ್ಷಿಗಳ ನಡುವಣ ರಂಧ್ರವಿದ್ದ ಮಗುವಿನಲ್ಲಿ ಶ್ವಾಸಕೋಶಕ್ಕೆ ಮಿತಿಮೀರಿ ರಕ್ತ ನುಗ್ಗುತ್ತಿರುತ್ತದೆ. ಚಿತ್ರದಲ್ಲಿ ಅಲ್ಲಿನ ರಕ್ತನಾಳಗಳು ದಪ್ಪದಪ್ಪವಾಗಿ ಅಂಚಿನವರೆಗೂ ಕಾಣುತ್ತವೆ. ರಂಧ್ರ ಮುಚ್ಚಿದ ಬಳಿಕ ಅವು ತೆಳುವಾಗುತ್ತವೆ, ವಾರಗಳು ತಿಂಗಳುಗಳಲ್ಲಿ ಹೃದಯದ ಗಾತ್ರವೂ ಇಳಿಯುತ್ತದೆ. ಹೃತ್ಕರ್ಣಗಳ ನಡುವಣ ರಂಧ್ರವನ್ನು ಎಳವೆಯಲ್ಲಿ ಮುಚ್ಚಿಸಿದವರಲ್ಲಿಯೂ ಹೀಗೆಯೇ. ಅದೇ ರಂಧ್ರವನ್ನು ನಲವತ್ತರ ವಯಸ್ಸಿನಲ್ಲಿ ಮುಚ್ಚಿಸಿದರೆ, ವರ್ಷಾನುಗಟ್ಟಲೆ ಹಿಗ್ಗಿದ ಬಲಭಾಗ ಪೂರ್ತಿ ಕುಗ್ಗದೇ ಉಳಿಯಬಹುದು. ಮಗುವಿಗೆ ಹನ್ನೆರಡು ತುಂಬಲಿ, ಮೈಗೂಡಲಿ ಎಂದು ಮುಂದೂಡುವವರು ಈ ಮಾತನ್ನು ಗಮನಿಸಬೇಕು.

ಉಳಿದುಹೋಗುವ ಗುರುತುಗಳೂ ಇವೆ. ಎದೆಮೂಳೆಯನ್ನು ಸೀಳಿ ಮತ್ತೆ ಬಿಗಿದ ತಂತಿಗಳು ಜೀವಮಾನವಿಡೀ ಅಲ್ಲಿಯೇ ಇರುತ್ತವೆ. ಮಗು ಬೆಳೆದಂತೆ ಒಂದೆರಡು ತಂತಿಗಳು ತುಂಡಾಗಿ ಕಾಣುವುದುಂಟು. ಮೂಳೆ ಕೂಡಿಕೊಂಡಿದ್ದರೆ, ನೋವು ಕೀವು ಇಲ್ಲದಿದ್ದರೆ ಅದಕ್ಕೆ ಏನೂ ಮಾಡಬೇಕಾಗಿಲ್ಲ. “ಡಾಕ್ಟರು ಒಳಗೆ ಸೂಜಿ ಬಿಟ್ಟಿದ್ದಾರೆ” ಎಂದು ಯಾರೋ ಹೇಳಿದ್ದನ್ನು ನಂಬಿ ಬಸ್ಸು ಹತ್ತಿ ಬಂದವರನ್ನು ನಾವು ಕಂಡಿದ್ದೇವೆ. ನಾಳವೊಂದಕ್ಕೆ ಹಾಕಿದ ಪುಟ್ಟ ಲೋಹದ ಕ್ಲಿಪ್ಪು, ರಂಧ್ರಕ್ಕೆ ಕೂರಿಸಿದ ಕೊಡೆಯಂತಹ ಸಾಧನ, ಕೃತಕ ಕವಾಟದ ಉಂಗುರ ಇವೂ ಹಾಗೆಯೇ ಕಾಣುತ್ತವೆ. ಪಕ್ಕೆಯ ಕಡೆಯಿಂದ ಎದೆ ತೆರೆದಿದ್ದರೆ ಅಲ್ಲಿನ ಪಕ್ಕೆಲುಬುಗಳು ತುಸು ಒತ್ತಾಗಿ, ವಕ್ರವಾಗಿ ಕೂಡಿಕೊಂಡಿರುತ್ತವೆ. ಶಿಶುವಿನ ಎದೆಯ ಮೇಲ್ಭಾಗದಲ್ಲಿ ಅಗಲವಾಗಿ ಕಾಣುವ ಥೈಮಸ್ ಗ್ರಂಥಿಯ ನೆರಳು ಶಸ್ತ್ರಚಿಕಿತ್ಸೆಯ ಬಳಿಕ ಮಾಯವಾಗುವುದುಂಟು. ಹೃದಯವನ್ನು ತಲುಪಲು ಅದರ ಬಹುಭಾಗವನ್ನು ತೆಗೆದಿರುತ್ತಾರೆ.

ಮಹಾಪಧಮನಿ ಒಂದೆಡೆ ಕಿರಿದಾಗಿರುವ ದೋಷದಲ್ಲಿ ಕಾಣುವ ಬದಲಾವಣೆಯೊಂದು ಸ್ವಾರಸ್ಯಕರವಾಗಿದೆ. ದೊಡ್ಡ ನಾಲೆಗೆ ಅಡ್ಡ ಬಿದ್ದರೆ ನೀರು ಸಣ್ಣ ಕಾಲುವೆಗಳಲ್ಲಿ ನುಗ್ಗಿ ಅವುಗಳ ದಡ ಕೊರೆಯುವಂತೆ, ಇಲ್ಲಿ ರಕ್ತ ಪಕ್ಕೆಲುಬುಗಳ ಕೆಳಗಿನ ಸಣ್ಣ ನಾಳಗಳಲ್ಲಿ ಸುತ್ತುಬಳಸಿ ಹರಿಯುತ್ತದೆ. ಉಬ್ಬಿದ ಆ ನಾಳಗಳು ಎಲುಬಿನ ಕೆಳ ಅಂಚನ್ನು ಕೊರೆದು ಕಚ್ಚುಗಳನ್ನು ಮಾಡುತ್ತವೆ. ಶಸ್ತ್ರಚಿಕಿತ್ಸೆ ಮಾಡಿ ದಾರಿ ತೆರೆದ ಬಳಿಕವೂ ಆ ಕಚ್ಚುಗಳು ಬಹುಕಾಲ ಉಳಿಯಬಹುದು. ಹಳೆಯ ಚಿತ್ರವಿದ್ದರೆ ಅದು ಹಳೆಯ ಗಾಯದ ಕಲೆ ಎನ್ನಬಹುದು. ಇಲ್ಲದಿದ್ದರೆ, ಮತ್ತೆ ಕಿರಿದಾಗುತ್ತಿದೆಯೇ ಎಂಬ ಶಂಕೆಯಿಂದ ಮಗುವನ್ನು ಇನ್ನಷ್ಟು ಪರೀಕ್ಷೆಗಳಿಗೆ ಒಳಪಡಿಸಬೇಕಾಗುತ್ತದೆ. ಇವರು ರಕ್ತದೊತ್ತಡವನ್ನು ಜೀವಮಾನವಿಡೀ ನೋಡಿಸಿಕೊಳ್ಳುತ್ತಿರಬೇಕು.

ಇನ್ನು ನಮ್ಮ ಹೆಣ್ಣುಮಗಳ ಕಾಯಿಲೆಯ ವಿಷಯ. 1888ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಫ್ಯಾಲೋನ ಹೆಸರಿನಿಂದ ಇದಕ್ಕೆ ಟೆಟ್ರಾಲಜಿ ಆಫ್ ಫ್ಯಾಲೋ ಎನ್ನುತ್ತಾರೆ. ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು, ಹೃತ್ಕುಕ್ಷಿಗಳ ನಡುವೆ ರಂಧ್ರ, ಅದರ ಮೇಲೆ ಕೂತ ಮಹಾಪಧಮನಿ, ದಪ್ಪಗಟ್ಟಿದ ಬಲ ಹೃತ್ಕುಕ್ಷಿ, ಹೀಗೆ ನಾಲ್ಕು ದೋಷಗಳ ಕೂಟ. ಶಸ್ತ್ರಚಿಕಿತ್ಸೆಗೆ ಮೊದಲು ಚಿತ್ರದಲ್ಲಿ ಶ್ವಾಸಕೋಶ ರಕ್ತವಿಲ್ಲದೆ ಕಪ್ಪಾಗಿ ಕಾಣುತ್ತದೆ. ಹೃದಯ ಮೂತಿ ಮೇಲೆತ್ತಿದ ಜೋಡಿನ ಆಕಾರದಲ್ಲಿರುತ್ತದೆ. ರಂಧ್ರ ಮುಚ್ಚಿ, ಕಿರಿದಾದ ದಾರಿಯನ್ನು ತೇಪೆ ಹಾಕಿ ಅಗಲಿಸಿದೊಡನೆ ಮಗುವಿನ ತುಟಿ ಕೆಂಪಾಗುತ್ತದೆ, ಶ್ವಾಸಕೋಶದ ನಾಳಗಳು ಚಿತ್ರದಲ್ಲಿ ತುಂಬಿಕೊಳ್ಳುತ್ತವೆ. ಅದನ್ನು ಕಂಡ ತಾಯಿಯ ಮುಖವನ್ನು ನೋಡಿದವರಿಗೆ ‘ಗುಣವಾಯಿತು’ ಎನ್ನದಿರುವುದು ಕಷ್ಟ.

ಆದರೆ ದಾರಿ ಅಗಲಿಸುವಾಗ ಅನೇಕ ಮಕ್ಕಳಲ್ಲಿ ಅಲ್ಲಿನ ಕವಾಟದ ಬುಡವನ್ನೂ ಸೀಳಬೇಕಾಗುತ್ತದೆ. ಕವಾಟ ಸರಿಯಾಗಿ ಮುಚ್ಚದೆ, ಶ್ವಾಸಕೋಶದತ್ತ ಹೋದ ರಕ್ತದ ಒಂದು ಪಾಲು ಪ್ರತಿ ಮಿಡಿತಕ್ಕೂ ಹಿಂದಕ್ಕೆ ಬರುತ್ತದೆ. ಬಲ ಹೃತ್ಕುಕ್ಷಿ ಅದನ್ನು ಸಹಿಸಿಕೊಳ್ಳುತ್ತದೆ, ಒಂದು ವರ್ಷವಲ್ಲ, ಹತ್ತು ಹದಿನೈದು ಇಪ್ಪತ್ತು ವರ್ಷ. ಮಗು ಓಡಾಡುತ್ತದೆ, ಓದುತ್ತದೆ. ಯಾವ ತೊಂದರೆಯೂ ಕಾಣದು. ಒಳಗೆ ಕೋಣೆ ಹಿಗ್ಗುತ್ತಾ ಹೋಗುತ್ತದೆ. ಹಾಕಿದ ತೇಪೆ ಉಬ್ಬಿ ಹೃದಯದ ಎಡ ಮೇಲಂಚಿನಲ್ಲಿ ಗುಬುಟಾಗಿ ಕಾಣುವುದೂ ಉಂಟು. ತೀರಾ ಹಿಗ್ಗಿ ಬಲಗುಂದುವ ಮುನ್ನ ಹೊಸ ಕವಾಟ ಕೂರಿಸಿದರೆ ಹೃದಯ ಚೇತರಿಸಿಕೊಳ್ಳುತ್ತದೆ. ಬಹಳ ತಡವಾದರೆ ಕವಾಟ ಹಾಕಿದರೂ ಅದು ಮೊದಲಿನಂತಾಗದು; ಮಿಡಿತದ ಲಯ ತಪ್ಪುವ ಅಪಾಯವೂ ಇದೆ. ಸೂಕ್ತ ಕಾಲ ಯಾವುದೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಇವಳ ಹೃದಯ ಹದಿನೈದು ವರ್ಷದಿಂದಲೂ ಇಷ್ಟೇ ಇದೆಯೇ, ಅಥವಾ ಈಚೆಗೆ ಬೆಳೆಯುತ್ತಿದೆಯೇ? ಇಂದು ತೆಗೆದ ಒಂದು ಚಿತ್ರ ಇದಕ್ಕೆ ಉತ್ತರಿಸಲಾರದು.

ಎಕೋ ಇದೆ, ಎಂ.ಆರ್.ಐ. ಇದೆ, ಇನ್ನೂ ಎಕ್ಸ್‌ರೇಗೆ ಏಕೆ ಜೋತುಬೀಳಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಕವಾಟದ ಸೋರಿಕೆಯನ್ನು ಎಕೋ ನೇರವಾಗಿ ತೋರಿಸುತ್ತದೆ. ಬಲ ಹೃತ್ಕುಕ್ಷಿಯ ಗಾತ್ರವನ್ನು ಎಂ.ಆರ್.ಐ.ಯಷ್ಟು ನಿಖರವಾಗಿ ಅಳೆಯುವುದು ಬೇರಿಲ್ಲ. ಎಕ್ಸ್‌ರೇ ಅವುಗಳ ಸ್ಥಾನವನ್ನು ತುಂಬಲಾರದು. ಆದರೆ ಎಂ.ಆರ್.ಐ. ತಾಲ್ಲೂಕು ಕೇಂದ್ರದಲ್ಲಿ ದೊರೆಯದು, ಎಕ್ಸ್‌ರೇ ದೊರೆಯುತ್ತದೆ. ಇಪ್ಪತ್ತು ವರ್ಷದ ಹಿಂದಿನ ಎಕೋದಿಂದ ಹೆಚ್ಚಿನ ಮನೆಗಳಲ್ಲಿ ಉಳಿದಿರುವುದು ಎರಡು ಸಾಲಿನ ವರದಿ ಮಾತ್ರ. ಎಕ್ಸ್‌ರೇಯಾದರೆ ಚಿತ್ರವೇ ಉಳಿಯುತ್ತದೆ, ಇಂದಿನ ಕಣ್ಣು ಅದನ್ನು ಮತ್ತೊಮ್ಮೆ ಓದಬಹುದು. ಹೃದಯದ ಅತ್ಯಧಿಕ ಅಗಲವನ್ನು ಎದೆಗೂಡಿನ ಒಳ ಅಗಲದಿಂದ ಭಾಗಿಸಿದರೆ ದೊಡ್ಡವರಲ್ಲಿ ಅರ್ಧವನ್ನು ಮೀರಬಾರದು. ಶಿಶುಗಳಲ್ಲಿ ತುಸು ಹೆಚ್ಚಿದ್ದರೂ ಸರಿ. ಈ ಅಳತೆಗೆ ಒಂದು ಸ್ಕೇಲು ಸಾಕು.

ವಿಕಿರಣದ ಭಯವೂ ಕೆಲವರಿಗಿದೆ. ದೊಡ್ಡವರ ಒಂದು ಎದೆಯ ಎಕ್ಸ್‌ರೇಯಿಂದ ತಗಲುವ ವಿಕಿರಣ ಸುಮಾರು 0.02 ಮಿಲಿಸೀವರ್ಟ್. ಮಣ್ಣು, ಕಲ್ಲು, ಆಕಾಶಗಳಿಂದ ಸಹಜವಾಗಿಯೇ ನಮ್ಮೆಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ; ಅಂದರೆ ಒಂದು ಚಿತ್ರ ಮೂರು ದಿನದ ಬದುಕಿಗೆ ಸಮ. ಹಾಗೆಂದು ಕೆಮ್ಮಿದಾಗಲೆಲ್ಲ ತೆಗೆಸುವುದು ಸರಿಯಲ್ಲ. ಹೃದಯವೈದ್ಯರು ಹೇಳಿದಾಗ ಬೇಡವೆನ್ನುವುದೂ ಸರಿಯಲ್ಲ. ಮಗುವನ್ನು ಹಿಡಿದುಕೊಳ್ಳಲು ಗರ್ಭಿಣಿಯರು ಮಾತ್ರ ಒಳಗೆ ಬರಬಾರದು.

ನಮ್ಮ ಸಮಾಜಕ್ಕೇ ಸಂಬಂಧಿಸಿದ ಒಂದು ಮಾತು. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ಧರಿಸಿರುವವರ ಚಿತ್ರದಲ್ಲಿ ಅದರ ನೆರಳು ಅಚ್ಚ ಬಿಳುಪಾಗಿ ಮೂಡಿ, ಹೃದಯದ ಅಥವಾ ಶ್ವಾಸಕೋಶದ ಒಂದು ಭಾಗವನ್ನೇ ಮರೆಮಾಡುತ್ತದೆ. ವಸ್ತ್ರದಲ್ಲಿ ಕಟ್ಟಿಕೊಂಡಿದ್ದರೂ ನೆರಳು ಬೀಳುತ್ತದೆ. ತಿಳಿಯದವರು ಅದನ್ನು ಗಂಟೆಂದು ಭಾವಿಸಬಹುದು. ಎಕ್ಸ್‌ರೇ ತೆಗೆಯುವವರು “ಅದನ್ನು ತೆಗೆದಿಡಿ” ಎಂದು ಒರಟಾಗಿ ಹೇಳಿದರೆ ಹಿರಿಯ ಭಕ್ತರಿಗೆ ನೋವಾಗುತ್ತದೆ. ಅಂಗದಿಂದ ಲಿಂಗವನ್ನು ಅಗಲಿಸಲೊಲ್ಲದೆ ಹಿಂತಿರುಗಿ ಹೋದವರನ್ನೂ ಬಲ್ಲೆವು. ಅಗಲಿಸಬೇಕಾದ ಅಗತ್ಯವೇ ಇಲ್ಲ. ಶಿವದಾರವನ್ನು ಸಡಿಲಿಸಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತಲೆಯ ಮೇಲೆ ಕಟ್ಟಿಕೊಂಡರೆ ಚಿತ್ರದ ಚೌಕಟ್ಟಿನಾಚೆ ಉಳಿಯುತ್ತದೆ. ಈ ಮಾತನ್ನು ಎಕ್ಸ್‌ರೇ ಕೊಠಡಿಯ ಸಿಬ್ಬಂದಿಗೂ ನಾವು ಹೇಳುತ್ತಾ ಬಂದಿದ್ದೇವೆ. ಮಗುವಿನ ಕೊರಳ ತಾಯತ, ಕರಿಮಣಿ ಸರಗಳನ್ನು ತೆಗೆಯಿರಿ. ಹೆಣ್ಣುಮಕ್ಕಳ ಜಡೆಯನ್ನು ಮೇಲಕ್ಕೆತ್ತಿ ಕಟ್ಟಿ. ಭುಜದ ಮೇಲೆ ಇಳಿದ ಜಡೆ ಶ್ವಾಸಕೋಶದ ಕಾಯಿಲೆಯಂತೆ ಕಂಡು ಮೋಸಮಾಡಿದ್ದುಂಟು.

ಹಾಳೆಗಳು ಕಾಣೆಯಾಗುವುದಕ್ಕೆ ಗುಜರಿಯವನೊಬ್ಬನೇ ಕಾರಣನಲ್ಲ. ಮದುವೆಯ ಮಾತುಕತೆ ಆರಂಭವಾದೊಡನೆ ಎಷ್ಟೋ ಮನೆಗಳಲ್ಲಿ ಆ ಕವರನ್ನು ಅಟ್ಟಕ್ಕೆ ಸೇರಿಸುತ್ತಾರೆ, ಕೆಲವರು ಸುಟ್ಟೇಬಿಡುತ್ತಾರೆ. ಎದೆಯ ಗಾಯದ ಗುರುತು ಮುಚ್ಚುವಂತೆ ರವಿಕೆ ಹೊಲಿಸುತ್ತಾರೆ. ಇದನ್ನು ಓದುವ ತಾಯಂದಿರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಗರ್ಭಿಣಿಯಾದಾಗ ದೇಹದಲ್ಲಿ ಹರಿಯುವ ರಕ್ತದ ಪ್ರಮಾಣ ಬಹಳ ಹೆಚ್ಚುತ್ತದೆ, ಹೃದಯದ ಮೇಲಿನ ಭಾರವೂ ಅದರೊಂದಿಗೆ ಏರುತ್ತದೆ. ಹಿಗ್ಗಿದ ಹೃದಯಕ್ಕೆ ಅದು ನಿಜವಾದ ಪರೀಕ್ಷೆ. ಚೆನ್ನಾಗಿ ರಿಪೇರಿಯಾದ ಹೃದಯವಿರುವ ಹೆಚ್ಚಿನ ಹೆಣ್ಣುಮಕ್ಕಳು ಸುರಕ್ಷಿತವಾಗಿ ಹೆರುತ್ತಾರೆ, ಮೊದಲೇ ತಿಳಿದಿದ್ದರೆ. ಗಂಡನ ಮನೆಯಲ್ಲಿ ಯಾರಿಗೂ ತಿಳಿಯದೆ, ಏಳನೆಯ ತಿಂಗಳಲ್ಲಿ ಏದುಸಿರಿನೊಂದಿಗೆ ಬಂದ ಹೆಣ್ಣುಮಗಳ ಕಾಗದಗಳನ್ನು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹುಡುಕಿಸುವ ಪಾಡು ಯಾವ ಮನೆಗೂ ಬೇಡ. ದೋಷ ಮುಚ್ಚಿಟ್ಟು ಮಾಡಿದ ಮದುವೆಗಿಂತ ತಿಳಿಸಿ ಮಾಡಿದ ಮದುವೆ ಗಟ್ಟಿ ಎಂಬುದು ನಮ್ಮ ಅಭಿಪ್ರಾಯ. ಬೀಗರಾಗುವವರೂ ಇದನ್ನು ಕೇಳಿ ಎದ್ದುಹೋಗದಷ್ಟು ದೊಡ್ಡ ಮನಸ್ಸು ಮಾಡಬೇಕು.

ಆಸ್ಪತ್ರೆಯಲ್ಲಿ ಇರುತ್ತದಲ್ಲ ಎಂದು ನಿಶ್ಚಿಂತರಾಗಿರುವವರು ಒಂದು ನಿಯಮವನ್ನು ತಿಳಿದಿರಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟರೆ ಸಾಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಐದು ವರ್ಷದ ಮಗುವಿನ ಹೃದಯ ಇನ್ನು ಎಪ್ಪತ್ತು ವರ್ಷ ಮಿಡಿಯಬೇಕು. ಆಸ್ಪತ್ರೆಯ ಕಪಾಟಿನ ಹೊಣೆ ಮೂರು ವರ್ಷ. ಉಳಿದ ಕಾಲ ಕಾಯಬೇಕಾದವರು ಮನೆಯವರೇ. ಕೇಳಿ ಪಡೆದುಕೊಳ್ಳಿ. ಶಸ್ತ್ರಚಿಕಿತ್ಸೆಯ ಹೆಸರು, ದಿನಾಂಕ, ಯಾವ ತೇಪೆ, ಯಾವ ಸಾಧನ ಎಂಬುದು ಡಿಸ್ಚಾರ್ಜ್ ಕಾಗದದಲ್ಲಿರುತ್ತದೆ, ಮುಂದೆ ಎಂ.ಆರ್.ಐ. ಮಾಡಿಸುವಾಗ ಒಳಗಿರುವ ಲೋಹ ಯಾವುದೆಂದು ಕೇಳಿಯೇ ಕೇಳುತ್ತಾರೆ. ಶಸ್ತ್ರಚಿಕಿತ್ಸೆಗೆ ಮೊದಲಿನದೊಂದು, ಮನೆಗೆ ಕಳುಹಿಸುವ ದಿನದ್ದೊಂದು, ಆಮೇಲೆ ನಿಂತು ತೆಗೆಸಿದ ಪ್ರತಿಯೊಂದು ಚಿತ್ರವೂ ಇರಲಿ. ಈಗಿನ ಹಾಳೆಗಳು ಶಾಖದಿಂದ ಮೂಡಿಸಿದವು. ಒಲೆಯ ಮಗ್ಗುಲಲ್ಲಿ, ಬಿಸಿಲು ಬೀಳುವ ಬೀರುವಿನ ಮೇಲೆ ಇಟ್ಟರೆ ಕಪ್ಪಿಡುತ್ತವೆ. ಹಾಸಿಗೆಯ ಕೆಳಗೆ ಮಡಿಸಿಡುವುದೂ ಬೇಡ. ಸಿ.ಡಿ. ಅಥವಾ ಡಿಜಿಟಲ್ ಪ್ರತಿ ಕೊಟ್ಟರೆ ಮೊಬೈಲಿನಲ್ಲಿ ಮಾತ್ರವಲ್ಲದೆ ಇನ್ನೊಂದೆಡೆಯೂ ಉಳಿಸಿ. ಮೊಬೈಲು ಕಳೆದಾಗ ಮಗುವಿನ ಹೃದಯದ ಚರಿತ್ರೆಯೂ ಕಳೆಯಬಾರದು.

ಆ ಹೆಣ್ಣುಮಗಳ ಪ್ರಕರಣದಲ್ಲಿ ಭಾಗ್ಯವೊಂದು ಉಳಿದಿತ್ತು. ವಾರದ ನಂತರ ಅವಳ ಸೋದರಮಾವ ಟಿ. ನರಸೀಪುರ ಕಡೆಯಿಂದ ಬಂದರು. ಅವಳಿಗೆ ಹದಿಮೂರು ಆದಾಗ ಶಾಲೆಯಲ್ಲಿ ತಲೆಸುತ್ತು ಬಂದು ತಾವೇ ತೋರಿಸಲು ಕರೆದೊಯ್ದಿದ್ದರಂತೆ. ಆಗಿನ ಒಂದು ಚಿತ್ರ ಅವರ ಮನೆಯ ಪಂಚಾಂಗಗಳ ಕಟ್ಟಿನೊಳಗೆ ಸಿಕ್ಕಿತು. ಅಂಚನ್ನು ಹುಳು ತಿಂದಿತ್ತು, ಹೆಸರೂ ದಿನಾಂಕವೂ ಓದುವಂತಿದ್ದವು. ಬೆಳಕಿನ ಪೆಟ್ಟಿಗೆಯ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟೆವು. ಹದಿಮೂರರಲ್ಲಿ ಹೃದಯದ ಅಗಲ ಅರ್ಧದ ಗೆರೆಯಲ್ಲಿ ನಿಂತಿತ್ತು. ಈಗ ಅದನ್ನು ಚೆನ್ನಾಗಿಯೇ ದಾಟಿತ್ತು. ಎಡ ಮೇಲಂಚಿನಲ್ಲಿ ಆಗ ಇಲ್ಲದ ಉಬ್ಬು ಮೂಡಿತ್ತು. ಅಂದರೆ ಇದು ಬಾಲ್ಯದಿಂದ ಉಳಿದುಬಂದ ದೊಡ್ಡ ಹೃದಯವಲ್ಲ, ನಡುವಿನ ಹದಿಮೂರು ವರ್ಷಗಳಲ್ಲಿ ಬೆಳೆದದ್ದು. ಎಂ.ಆರ್.ಐ.ಯನ್ನು ಮುಂದೂಡುವ ಮಾತು ಅಲ್ಲಿಗೆ ನಿಂತಿತು. ಹೃದಯವೈದ್ಯರು ಕವಾಟದ ಬಗ್ಗೆ ತಂದೆಯೊಡನೆ ಕುಳಿತು ಮಾತನಾಡಿದರು. ಶಸ್ತ್ರಚಿಕಿತ್ಸೆಗೆ ಕಾಲ ಮೀರಿರಲಿಲ್ಲ.

ಹೊರಡುವ ಮುನ್ನ ಆಕೆ ಆ ಹುಳು ತಿಂದ ಹಾಳೆಯನ್ನು ಮರಳಿ ಕೇಳಿದಳು. ಪ್ರತಿ ಮಾಡಿಕೊಂಡು ಕೊಟ್ಟೆವು. ಕೆಲಸದ ನೇಮಕಾತಿ ಪತ್ರವಿದ್ದ ಕವರಿನಲ್ಲಿಯೇ ಅದನ್ನು ಇಟ್ಟುಕೊಂಡಳು.